ಬಿಳಿ ವೈನ್ ಅಪ್ಪೆಮಿಡಿ ಅಲ್ಲ ಮಾರಾಯ್ರೇ!

ನಮಸ್ಕಾರ, ಶಿವಮೊಗ್ಗದಿಂದ. ಹೋದ ಎಪಿಸೋಡಿನ ಕೆಳಗೆ ಒಬ್ಬರು ಕೇಳಿದಾರೆ. ಗೃಹಪ್ರವೇಶಕ್ಕೆ ಭಾವ ಕೊಟ್ಟ ಬಿಳಿ ವೈನ್ ಆರು ವರ್ಷದಿಂದ ಶೋಕೇಸಲ್ಲಿದೆಯಂತೆ, ಇನ್ನೊಂದು ನಾಲ್ಕು ವರ್ಷ ಬಿಟ್ರೆ ರುಚಿ ಏರುತ್ತಾ ಅಂತ. ಕೇಳಿದ್ದು ತಪ್ಪಲ್ಲ. ಅದಕ್ಕೆ ಹೌದು ಹೌದು, ಬಿಡಿ, ಬಿಡಿ ಅಂತ ಸಾಲುಗಟ್ಟಿ ಉತ್ತರ ಕೊಟ್ಟಿದಾರಲ್ಲ, ಆ ಪುಣ್ಯಾತ್ಮರಿಗೇ ಇವತ್ತಿನ ಮಾತು.

ಬಿಳಿ ವೈನ್ ಅಪ್ಪೆಮಿಡಿ ಅಲ್ಲ.

ಅಪ್ಪೆಮಿಡಿ ಉಪ್ಪಿನಕಾಯಿ ಭರಣಿಯಲ್ಲಿ ಮೂರು ವರ್ಷ ಗಟ್ಟಿಯಾಗಿ ಕೂರುತ್ತೆ ಅಂದ್ರೆ ಅದು ಉಪ್ಪಿನ ಪುಣ್ಯ. ಸಾವಿರ ರೂಪಾಯಿ ಒಳಗಿನ ಬಿಳಿ ವೈನ್ ತಗೊಳ್ಳಿ, ಶೆನಿನ್ ಬ್ಲಾಂಕೋ ಸೋವಿನ್ಯೋ ಬ್ಲಾಂಕೋ. ಬಾಟ್ಲಿ ಒಳಗೆ ಕಾವಲಿಗೆ ಯಾರಿದಾರೆ? 11–12 ಪರ್ಸೆಂಟ್ ಆಲ್ಕೋಹಾಲು, ಒಂದಿಷ್ಟು ಹುಳಿ, ಕೆಡದಿರಲಿ ಅಂತ ಹಾಕೋ ಚಿಟಿಕೆ ಸಲ್ಫೈಟು. ಆ ಕಾವಲು ಒಂದೆರಡು ವರ್ಷಕ್ಕೆ ಸಾಕು, ಅಷ್ಟೇ.

ಈಗ ಬರುತ್ತೆ ನೋಡಿ ಪ್ರಶ್ನೆ, ಫ್ರಾನ್ಸಿನ ಬೋರ್ಡೋ ಊರಿನ ವೈನು ಹಳೇದಾದಷ್ಟೂ ರೇಟು ಅಲ್ವಾ ಸರ್ ಅಂತ. ನಮ್ಮ ಕಡೆಯವರಿಗೆ ಬೋರ್ಡೋ ಗೊತ್ತಿರೋದು ಅಡಿಕೆ ಗೊನೆಗೆ ಕೊಟ್ಟೆ ಕಟ್ಟೋ ಕಾಲದಲ್ಲಿ ಮರಕ್ಕೆ ಹೊಡೆಯೋ ದ್ರಾವಣವಾಗಿ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಅದು ಹುಟ್ಟಿದ್ದೂ 1880ರ ದಶಕದಲ್ಲಿ ಆ ಊರಿನ ದ್ರಾಕ್ಷಿ ತೋಟದ ಬೂಜು ರೋಗಕ್ಕೇ. ಇರಲಿ. ಅಲ್ಲಿನ ದುಬಾರಿ ಕೆಂಪು ವೈನು ಬಾಳಿಕೆ ಬರೋದು ಒಗರಿನ ಬಲದಿಂದ. ದ್ರಾಕ್ಷಿ ಸಿಪ್ಪೆ, ಬೀಜದ ಜೊತೆ ಹುದುಗಿ ಒಗರು ಇಳಿದಿರುತ್ತೆ. ಅಡಿಕೆ ಬೇಯಿಸಿದ ಚೊಗರು ನಾಲಿಗೆ ಹಿಡಿಯುತ್ತಲ್ಲ, ಅದೇ ವಂಶ. ಬಿಳಿ ವೈನಲ್ಲಿ ಸಿಪ್ಪೆ ಮೊದಲೇ ಆಚೆ ಹೋಗಿರುತ್ತೆ. ಚೊಗರಿಲ್ಲ, ಉಪ್ಪಿಲ್ಲ, ಅಪ್ಪೆಮಿಡಿ ಅಲ್ಲ!

ಇದನ್ನ ಮಾಡೋ ರೀತಿ ನೋಡಿದ್ರೆ ನಿಮಗೇ ಅರ್ಥ ಆಗುತ್ತೆ. ನಾಸಿಕದ ಕಡೆ ಕೊಯ್ಲು ಶುರುವಾಗೋದು ಜನವರಿ ಸುಮಾರಿಗೆ, ಬೆಳಗಿನ ಜಾವದ ತಂಪಲ್ಲಿ. ಹಣ್ಣು ಪೂರ್ತಿ ಸಿಹಿಯಾಗೋಕೆ ಬಿಡಲ್ಲ. ರಸದ ಸಕ್ಕರೆ ಅಳತೆ 19–21 ಬ್ರಿಕ್ಸ್ ಬಂದ ಕೂಡ್ಲೆ ಕೊಯ್ಲು. ಇನ್ನೂ ಬಿಟ್ರೆ ಸಕ್ಕರೆ ಏರುತ್ತೆ, ಹುಳಿ ಬೀಳುತ್ತೆ, ವೈನು ಸಪ್ಪೆ ಹೊಡೆಯುತ್ತೆ. ಒತ್ತಿದ ರಸಕ್ಕೆ 100 ಲೀಟರಿಗೆ ಸುಮಾರು 7 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟು, ಆಗ ಹೇಳಿದ ಸಲ್ಫೈಟು ಬರೋದು ಇದರಿಂದ್ಲೇ. ಸ್ಕ್ವಾಷ್ ಮಾಡೋರಿಗೆ ಇದು ಹೊಸತಲ್ಲ. 8–10 ಡಿಗ್ರಿಯಲ್ಲಿ ಒಂದೆರಡು ದಿನ ಇಟ್ರೆ ಗಷ್ಟು ತಳಕ್ಕೆ ಕೂರುತ್ತೆ, ಮೇಲಿನ ತಿಳಿ ಮಾತ್ರ ಸ್ಟೀಲ್ ಟ್ಯಾಂಕಿಗೆ. ಯೀಸ್ಟು 100 ಲೀಟರಿಗೆ 20–25 ಗ್ರಾಂ.

ಅಸಲಿ ಆಟ ಇರೋದು ಇಲ್ಲಿಂದ. ಹುದುಗುವಾಗ ಯೀಸ್ಟೇ ಶಾಖ ಹುಟ್ಟಿಸುತ್ತೆ. ಟ್ಯಾಂಕಿನ ಹೊರಗೋಡೆಯಲ್ಲಿ ತಣ್ಣನೆ ದ್ರವ ಹರಿಸಿ 12–16 ಡಿಗ್ರಿಯಲ್ಲೇ ಹಿಡಿದಿಡಬೇಕು, ಎರಡು ಮೂರು ವಾರ. 25 ದಾಟಿತೋ, ಗ್ಯಾಸಿನ ಜೊತೆ ಘಮಾನೂ ಹಾರಿಹೋಗುತ್ತೆ. ರಸದಲ್ಲಿ ಸಾರಜನಕ ಕಡಿಮೆ ಬಿದ್ರೆ ಯೀಸ್ಟು ಸೊರಗಿ ಕೊಳೆತ ಮೊಟ್ಟೆ ವಾಸನೆ ಬಿಡುತ್ತೆ. ಅದಕ್ಕೆ ಸಕ್ಕರೆ ಮೂರರಲ್ಲಿ ಒಂದು ಭಾಗ ಇಳಿಯೋದ್ರೊಳಗೆ ಯೀಸ್ಟಿಗೆ ಪೋಷಕಾಂಶ ಕೊಡಬೇಕು. ಆಮೇಲೆ ಬ್ಯಾಕ್ಟೀರಿಯಾ ಕಾಟ. ಬಿಟ್ರೆ ಹಸಿರು ಸೇಬಿನಂಥ ಚುರುಕು ಹುಳೀನ ಮಜ್ಜಿಗೆ ಹುಳಿ ಮಾಡಿಬಿಡ್ತವೆ. ಅದನ್ನ ತಡೆಯೋಕೆ ತಂಪು, ಸಲ್ಫೈಟು, ಕೊನೆಗೆ 0.45 ಮೈಕ್ರಾನ್ ಫಿಲ್ಟರು. ಮುಂಗಾರು ಹಿಡಿಯೋ ಹೊತ್ತಿಗೆ ಬಾಟ್ಲಿ ತುಂಬಿ ಮುಗಿಸಬಹುದು.

ಇಷ್ಟೆಲ್ಲ ತಾಪತ್ರಯ ಯಾಕೆ? ಪೇರಲೆ, ನೆಲ್ಲಿಕಾಯಿ, ಗಜನಿಂಬೆ ಸಿಪ್ಪೆ ಥರದ ಆ ಎಳೆ ಘಮ ಉಳೀಲಿ ಅಂತ! ಆ ಘಮ ಕೊಡೋ ಪದಾರ್ಥಗಳು ಬಾಟ್ಲಿಯಲ್ಲೇ ತಿಂಗಳು ತಿಂಗಳಿಗೆ ಕರಗ್ತಾ ಹೋಗ್ತವೆ. ನೀವು ಅದನ್ನ ಟ್ಯೂಬ್‌ಲೈಟ್ ಕೆಳಗೆ, ಗಣಪತಿ ಮೂರ್ತಿ ಪಕ್ಕ, ಆರು ವರ್ಷ! ಬಿಳಿ ಗಾಜಿನ ಬಾಟ್ಲಿಯಾದ್ರೆ ಬೆಳಕಿಗೇ ಅರ್ಧ ಕೆಟ್ಟಿರುತ್ತೆ. ಮಲೆನಾಡು ತಂಪು ಅಲ್ವಾ ಅಂತೀರಾ? ಏಪ್ರಿಲಲ್ಲಿ ಶಿವಮೊಗ್ಗ ಬಸ್‌ಸ್ಟ್ಯಾಂಡಲ್ಲಿ ನಿಂತು ಹೇಳಿ ಅದನ್ನ.

ಜರ್ಮನಿಯ ರೀಸ್ಲಿಂಗ್ ಅನ್ನೋ ಬಿಳಿ ವೈನ್ ಇಪ್ಪತ್ತು ವರ್ಷ ಬರುತ್ತೆ ಅಂತ ಒಬ್ಬ ಪಂಡಿತರು. ಬರುತ್ತೆ ಸ್ವಾಮಿ. ಅದರ ಹುಳಿ, ಸಿಹಿ, ರೇಟು ಮೂರೂ ಬೇರೆ. ಪೋರ್ಚುಗಲ್‌ನವರು ತಮ್ಮ ಎಳೆ ವೈನಿಗೆ ವಿನ್ಯೊ ವೆರ್ದೆ, ಅಂದ್ರೆ ಹಸಿರು ವೈನ್, ಅಂತಾನೇ ಹೆಸರಿಟ್ಟಿದಾರೆ. ಹಸಿರಿದ್ದಾಗ ಕುಡೀರಿ ಅಂತ ಇನ್ನೆಷ್ಟು ಬಿಡಿಸಿ ಹೇಳ್ಬೇಕು?

ಅಂದಹಾಗೆ, ಇನ್ನೂ ಸಬ್‌ಸ್ಕ್ರೈಬ್ ಮಾಡದೋರು ಮಾಡಿ. ಅದನ್ನ ಹತ್ತು ವರ್ಷ ಇಟ್ಕೊಂಡ್ರೂ ಕೆಡಲ್ಲ. 21 ಆಗದೋರು ಮುರುಗಲು ಪಾನಕದ ಎಪಿಸೋಡಿಗೆ ಹೋಗಿ.

ಕುಡಿಯೋ ರೀತಿ ಬೇಗ ಹೇಳ್ತೀನಿ. ಲೇಬಲ್ಲಲ್ಲಿ ಕೊಯ್ಲಿನ ವರ್ಷ ನೋಡಿ, ಎರಡು ವರ್ಷ ದಾಟಿದ್ರೆ ಅಂಗಡಿಯಲ್ಲೇ ಬಿಡಿ. ಬಕೆಟಲ್ಲಿ ಐಸಿನ ಜೊತೆ ನೀರೂ ಒಂದು ಹಿಡಿ ಉಪ್ಪೂ ಹಾಕಿದ್ರೆ ಇಪ್ಪತ್ತು ನಿಮಿಷಕ್ಕೆ ತಣ್ಣಗಾಗುತ್ತೆ. ಬರೀ ಐಸು ಬಾಟ್ಲಿಗೆ ಅಂಟಲ್ಲ. ಫ್ರೀಜರಲ್ಲಿಟ್ಟು ಮರೆತ್ರೆ ಒಡೆಯುತ್ತೆ. 8–10 ಡಿಗ್ರಿ ಸಾಕು, ಇನ್ನೂ ತಣ್ಣಗಾದ್ರೆ ವಾಸನೇನೇ ಬರಲ್ಲ. ಬಣ್ಣ ಹುಲ್ಲಿನ ಥರ ತಿಳಿಯಾಗಿದ್ರೆ ಒಳ್ಳೇದು. ಕಂದು ತಿರುಗಿ, ಕೊಯ್ದಿಟ್ಟ ಸೇಬಿನ ವಾಸನೆ ಬಂದ್ರೆ ಗಾಳಿಗೆ ಕೆಟ್ಟಿದೆ. ತಳದಲ್ಲಿ ಹರಳು ಕಂಡ್ರೆ ಗಾಜಿನ ಚೂರು ಅಂತ ಕಿರುಚಬೇಡಿ, ಹುಣಸೆಹಣ್ಣಲ್ಲಿರೋ ಆಮ್ಲದ್ದೇ ಉಪ್ಪು ಅದು. ನುಂಗಿದ ಮೇಲೂ ಕೆನ್ನೆ ಒಳಗೆ ನೀರೂರ್ಬೇಕು, ವೈನಿನವರು ಕ್ರಿಸ್ಪ್ ಅನ್ನೋದು ಅದಕ್ಕೇ. ಜೊತೆಗೆ ಘಾಟಿ ಹತ್ತಿ ಬಂದ ಬಂಗಡೆ ಫ್ರೈ, ಮೇಲೆ ನಿಂಬೆಹಣ್ಣು. ಖಾರದ ಏಡಿ ಸಾರು ಬೇಡ, ವೈನು ಸೋಲುತ್ತೆ.

ಮತ್ತೆ ಕಮೆಂಟಲ್ಲಿ ಕಾರ್ಕು, ಮಲಗಿಸಿಡೋದು, ತಲೆಕೆಳಗೆ ಇಡೋದು ಅಂತ ಶುರು ಮಾಡ್ಬೇಡಿ. ಮಲಗಿಸಿ, ತೊಟ್ಟಿಲಲ್ಲಿ ತೂಗಿ, ಜೋಗುಳ ಹಾಡಿ, ಅಪ್ಪೆಮಿಡಿ ಆಗಲ್ಲ! ಆಗಲ್ಲ ಅಂದ್ರೆ ಆಗಲ್ಲ!

ಭಾವನ ಬಾಟ್ಲಿ ಇಟ್ಟೋರೇ, ಇವತ್ತು ರಾತ್ರಿ ತೆಗೆದು ಬಣ್ಣದ ಫೋಟೋ ಹಾಕಿ. ಸಿಂಕಿಗೆ ಸುರಿಯೋ ಪರಿಸ್ಥಿತಿ ಇದ್ರೆ ಮೀನು ಸಾರಿಗೆ ಹಾಕೋಣ ಅಂತ ಹೊರಡಬೇಡಿ, ಅದಕ್ಕೆ ವಾಟೆಹುಳಿ ಇದೆ. ಭಾವನಿಗೆ ಮಾತ್ರ ಚೆನ್ನಾಗಿತ್ತು ಅನ್ನಿ.