ಗಾಳಿ ಎಲ್ಲಿಂದ ಬಂತು?

ನಮಸ್ಕಾರ, ಕೇಳುಗರೇ.

ಧ್ರುವ ಪ್ರದೇಶದ ಗಾಳಿಯಲ್ಲಿರುವ ಕಣಗಳನ್ನು ಹೇಗೆ ಅಳೆಯುತ್ತಾರೆ ಅಂತ ಹೇಳಿ ಎಂದು ನಿಲಯದವರು ಕರೆದಿದ್ದಾರೆ. ಸಂತೋಷ. ಮೊದಲೇ ಹೇಳಿಬಿಡುತ್ತೇನೆ, ಹಿಮಕರಡಿ, ಪೆಂಗ್ವಿನ್ ಕಥೆ ನನ್ನ ಹತ್ತಿರ ಇಲ್ಲ. ಎಲ್ಲಿ ಹೋದರೂ ಜನ ಅದನ್ನೇ ಕೇಳುತ್ತಾರೆ. ಉತ್ತರ ಧ್ರುವದ ಕಡೆ ಪೆಂಗ್ವಿನ್ ಇರುವುದೇ ಇಲ್ಲ, ಅಷ್ಟು ಗೊತ್ತಿದ್ದರೆ ಸಾಕು. ನಾನು ಮಾತಾಡುವುದು ಮಸಿಯ ಬಗ್ಗೆ. ಅಡುಗೆಮನೆ ಗೋಡೆಗೆ ಹತ್ತುತ್ತದಲ್ಲ, ಅದೇ ಮಸಿ.

"ಬರೀ ಹಿಮ ಇರುವ ಕಡೆ ಮಸಿ ಎಲ್ಲಿಂದ ಬರಬೇಕು ಸಾರ್?" ಅಂತ ನೀವು ಕೇಳಬಹುದು. ಕೇಳಲೇಬೇಕು. ಈ ಕೆಲಸದಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ: ಗಾಳಿ ಎಲ್ಲಿಂದ ಬಂತು?

ನಾರ್ವೆಗೂ ಉತ್ತರಕ್ಕೆ ಸ್ವಾಲ್ಬಾರ್ಡ್ ಎಂಬ ದ್ವೀಪಗಳಿವೆ. ಅಲ್ಲಿ ನಿ ಓಲೆಸುಂಡ್ ಅಂತ ಒಂದು ಸಣ್ಣ ಊರು. ಹಿಂದೆ ಕಲ್ಲಿದ್ದಲ ಗಣಿ ಇದ್ದ ಜಾಗ, ಈಗ ಪೂರ್ತಿ ವಿಜ್ಞಾನಿಗಳ ಊರು. ಉತ್ತರ ಧ್ರುವಕ್ಕೆ ಅಲ್ಲಿಂದ ಸುಮಾರು 1,200 ಕಿಲೋಮೀಟರ್. ನಮ್ಮ ದೇಶದ 'ಹಿಮಾದ್ರಿ' ಕೇಂದ್ರ 2008ರಲ್ಲಿ ಶುರುವಾಗಿದ್ದು ಅಲ್ಲೇ. ಊರಿನ ಪಕ್ಕದ ಬೆಟ್ಟದ ಮೇಲೆ, 474 ಮೀಟರ್ ಎತ್ತರದಲ್ಲಿ, ಜೆಪ್ಲಿನ್ ವೀಕ್ಷಣಾಲಯ ಇದೆ. ಸಣ್ಣ ಕೇಬಲ್ ಕಾರಿನಲ್ಲಿ ಕೂತು ಮೇಲೆ ಹೋಗಬೇಕು. ಬೆಟ್ಟದ ಮೇಲೆ ಯಾಕೆ? ಊರಿನ ಹೊಗೆ ಯಂತ್ರಕ್ಕೆ ತಾಗಬಾರದು, ಅದಕ್ಕೆ. ಬೇಸಿಗೆಯಲ್ಲಿ ಪ್ರವಾಸಿ ಹಡಗು ಬಂದು ನಿಂತರೆ ಸಾಕು, ಅದರ ಹೊಗೆ ಬೆಟ್ಟದ ಮೇಲಿನ ಲೆಕ್ಕದಲ್ಲೂ ಕಾಣಿಸುತ್ತದೆ. ಹಿಮ ನೋಡಲು ಬಂದವರ ಉಡುಗೊರೆ!

ಮಸಿ ಅಳೆಯುವ ಯಂತ್ರಕ್ಕೆ ಎಥಲೋಮೀಟರ್ ಅನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಸರಳ. ಮಾಡಿನ ಮೇಲಿಂದ ಒಂದು ಕೊಳವೆ ಗಾಳಿ ಎಳೆಯುತ್ತದೆ. ಆ ಗಾಳಿ ಬಿಳಿ ಪಟ್ಟಿಯೊಂದರ ಮೂಲಕ ಸೋಸಿ ಹೋಗುತ್ತದೆ. ಲಾಂದ್ರದ ಗಾಜಿಗೆ ಮಸಿ ಕಟ್ಟುವ ಹಾಗೆ ಪಟ್ಟಿಯ ಮೇಲೆ ದುಂಡಗೆ ಒಂದು ಕಲೆ ಬೀಳುತ್ತದೆ. ಯಂತ್ರ ಅದರ ಮೇಲೆ ಬೆಳಕು ಬಿಡುತ್ತದೆ. ಬೆಳಕು ಎಷ್ಟು ಕಡಿಮೆ ದಾಟಿತೋ ಮಸಿ ಅಷ್ಟು ಜಾಸ್ತಿ. ನಮ್ಮ ದೊಡ್ಡ ಊರುಗಳಲ್ಲಿ ನೋಡನೋಡುತ್ತಲೇ ಕಲೆ ಕಪ್ಪಾಗಿ, ಪಟ್ಟಿ ತಾನೇ ಮುಂದೆ ಸರಿಯುತ್ತದೆ. ಅಲ್ಲಿ ಗಂಟೆಗಟ್ಟಲೆ ಗಾಳಿ ಎಳೆದರೂ ಪಟ್ಟಿ ಕಣ್ಣಿಗೆ ಬೆಳ್ಳಗೇ ಕಾಣುತ್ತದೆ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಗ್ರಾಂ. ಒಂದು ಘನ ಮೀಟರ್ ಗಾಳಿಯಲ್ಲಿ ನಮ್ಮ ಊರುಗಳಲ್ಲಿ ಸಾವಿರಾರು ನ್ಯಾನೋಗ್ರಾಂ ಮಸಿ ಇದ್ದರೆ, ಅಲ್ಲಿ ಹತ್ತಾರು. ದಕ್ಷಿಣ ಧ್ರುವದ ಕಡೆ ಇನ್ನೂ ಕಡಿಮೆ.

ಸರಿ, ಯಂತ್ರ ಅಂಕಿ ಕೊಟ್ಟಿತು. ಮಸಿ ಯಾರದು ಅಂತ ಅಂಕಿ ಹೇಳುತ್ತದಾ? ಇಲ್ಲ. ಅದಕ್ಕೇ ಮತ್ತೆ ಮತ್ತೆ ಹೇಳುವುದು, ಗಾಳಿ ಎಲ್ಲಿಂದ ಬಂತು ಅಂತ ಕೇಳಿ.

ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುವ ಕಥೆ ಇದು, ನಿಮಗೂ ಹೇಳುತ್ತೇನೆ. 2006ರ ಮೇ ತಿಂಗಳ ಮೊದಲ ದಿನಗಳು. ನಿ ಓಲೆಸುಂಡಿನಲ್ಲಿ ಗಾಳಿ ಎಷ್ಟು ಶುಭ್ರ ಅಂದರೆ ದೂರದ ಬೆಟ್ಟ ಪಕ್ಕದಲ್ಲೇ ಇದ್ದ ಹಾಗೆ ಕಾಣುತ್ತದೆ. ಆಗ ಆ ಬೆಟ್ಟಗಳೇ ಮಸುಕಾದವು. ಆಕಾಶಕ್ಕೆ ಕಿತ್ತಳೆ, ಕಂದು ಬಣ್ಣ ಬಂತು. ಜೆಪ್ಲಿನ್‌ನಲ್ಲಿ ಅಲ್ಲಿವರೆಗೆ ಕಾಣದಷ್ಟು ಮಾಲಿನ್ಯ ದಾಖಲಾಯಿತು. ಹತ್ತಿರದ ಹಿಮನದಿಯೊಂದರ ಮೇಲಿನ ಹಿಮದ ಬಣ್ಣವೂ ಕೆಟ್ಟಿತ್ತು. ಯಂತ್ರ ಕೆಟ್ಟಿದೆ ಅನ್ನುವ ಹಾಗಿಲ್ಲ, ಎಲ್ಲ ಯಂತ್ರಗಳೂ ಒಂದೇ ಮಾತು ಹೇಳುತ್ತಿದ್ದವು.

ವಿಜ್ಞಾನಿಗಳು ಏನು ಮಾಡಿದರು? ಹವಾಮಾನದ ದಾಖಲೆ ಇಟ್ಟುಕೊಂಡು, ಕಂಪ್ಯೂಟರಿನಲ್ಲಿ ಗಾಳಿಯನ್ನು ಹಿಂದಕ್ಕೆ ಓಡಿಸಿದರು. ಇವತ್ತು ಇಲ್ಲಿರುವ ಗಾಳಿ ನಿನ್ನೆ ಎಲ್ಲಿತ್ತು, ಮೊನ್ನೆ ಎಲ್ಲಿತ್ತು? ದಾರಿ ಪೂರ್ವ ಯುರೋಪಿಗೆ ಹೋಗಿ ಮುಟ್ಟಿತು. ಬಾಲ್ಟಿಕ್ ದೇಶಗಳು, ಬೆಲಾರುಸ್, ಉಕ್ರೇನ್, ರಷ್ಯಾ. ಉಪಗ್ರಹದ ಚಿತ್ರ ತೆಗೆದು ನೋಡಿದರೆ ಅಲ್ಲೆಲ್ಲ ಬೆಂಕಿಯ ಚುಕ್ಕೆಗಳು. ರೈತರು ಹೊಲಕ್ಕೆ ಬೆಂಕಿ ಇಟ್ಟಿದ್ದರು. ನಮ್ಮಲ್ಲಿ ಕಬ್ಬು ಕಡಿದ ಮೇಲೆ ರವದಿ ಸುಡುತ್ತಾರಲ್ಲ, ಅದೇ ಕಥೆ. ಅಷ್ಟಕ್ಕೇ ಬಿಡಲಿಲ್ಲ. ಸೋಸಿದ ಕಣಗಳಲ್ಲಿ ಲೆವೊಗ್ಲೂಕೋಸಾನ್ ಎಂಬ ವಸ್ತು ಸಿಕ್ಕಿತು. ಹುಲ್ಲು, ಕಟ್ಟಿಗೆ ಸುಟ್ಟಾಗ ಹುಟ್ಟುವ ವಸ್ತು ಅದು. ಡೀಸೆಲ್ ಸುಟ್ಟರೆ ಬರುವುದಿಲ್ಲ. ಗಾಳಿಯ ದಾರಿ, ಉಪಗ್ರಹದ ಚಿತ್ರ, ಈ ವಸ್ತು, ಮೂರೂ ಒಂದೇ ಕಡೆ ಬೆರಳು ತೋರಿಸಿದವು. ಎಷ್ಟು ಚೆನ್ನಾಗಿದೆ ಅಲ್ವಾ? ಸಾವಿರಾರು ಕಿಲೋಮೀಟರ್ ಆಚೆ ಒಬ್ಬ ಕಡ್ಡಿ ಗೀರುತ್ತಾನೆ, ಇಲ್ಲಿ ಧ್ರುವದ ಹತ್ತಿರ ಆಕಾಶದ ಬಣ್ಣ ಬದಲಾಗುತ್ತದೆ!

ಆ ಹೊಗೆ ಅಷ್ಟು ದೂರ ಹೇಗೆ ಬಂತು ಅಂತಲೂ ಕೇಳಬೇಕು. ಆ ವಸಂತದಲ್ಲಿ ಸ್ವಾಲ್ಬಾರ್ಡ್ ಕಡೆ ವಿಪರೀತ ಸೆಕೆ. ಸೆಕೆ ಅಂದರೆ ಅಲ್ಲಿಯ ಲೆಕ್ಕದಲ್ಲಿ, ನೀವು ಫ್ಯಾನ್ ಹಾಕಬೇಡಿ. ಸಾಮಾನ್ಯವಾಗಿ ಧ್ರುವದ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡಿರುತ್ತದೆ, ದಕ್ಷಿಣದಿಂದ ಬರುವ ಬೆಚ್ಚನೆಯ ಗಾಳಿಯನ್ನು ಕೆಳಗೆ ಸೇರಿಸುವುದಿಲ್ಲ. ಆ ಸಲ ಎರಡರ ನಡುವಿನ ವ್ಯತ್ಯಾಸ ಕಡಿಮೆಯಾಗಿ ಹೊಗೆ ತಗ್ಗಿನಲ್ಲೇ ನುಗ್ಗಿತು.

ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ಮಸಿ ಹಿಮದ ಮೇಲೆ ಬಿದ್ದರೆ ಹಿಮ ಬಿಸಿಲನ್ನು ಹೀರಿ ಬೇಗ ಕರಗುತ್ತದೆ, ಅದಕ್ಕೇ ಇಷ್ಟೆಲ್ಲ ಪಾಡು. ದಕ್ಷಿಣ ಧ್ರುವದಲ್ಲಿ ಅಮೆರಿಕದ ಕೇಂದ್ರ ಇದೆ. ಅಲ್ಲಿ ವರ್ಷದ ಬಹುಪಾಲು ಗಾಳಿ ಒಂದೇ ದಿಕ್ಕಿನಿಂದ ಬೀಸುತ್ತದೆ. ಆ ದಿಕ್ಕನ್ನು 'ಶುದ್ಧ ಗಾಳಿಯ ವಲಯ' ಅಂತ ಕಾದಿಟ್ಟಿದ್ದಾರೆ, ಅತ್ತ ಗಾಡಿ ಹೋಗುವ ಹಾಗಿಲ್ಲ. ಅಂಟಾರ್ಕ್ಟಿಕಾದಲ್ಲಿ ನಮ್ಮ ಮೈತ್ರಿ, ಭಾರತಿ ಕೇಂದ್ರಗಳಿವೆ. ಅಲ್ಲೂ ಯಂತ್ರಕ್ಕೆ ದೊಡ್ಡ ಶತ್ರು ನಮ್ಮದೇ ಜನರೇಟರ್. ಅದರ ಕಡೆಯಿಂದ ಗಾಳಿ ಬೀಸಿದ ಗಂಟೆಗಳ ಅಂಕಿ ತೆಗೆದು ಪಕ್ಕಕ್ಕಿಡಬೇಕು. ಯಾವ ಗಂಟೆ ಅಂತ ಹೇಗೆ ಗೊತ್ತಾಗುತ್ತದೆ? ಮಸಿಯ ಅಂಕಿಯ ಪಕ್ಕದಲ್ಲೇ ಗಾಳಿಯ ದಿಕ್ಕು ಬರೆದಿಟ್ಟಿದ್ದರೆ ಮಾತ್ರ.

ಈ ಕಣಗಳಿಗೂ ಮೋಡಕ್ಕೂ ಇರುವ ನಂಟಿನ ವಿಷಯ ಹಾಗೇ ಉಳಿಯಿತು. ಇನ್ನೊಮ್ಮೆ ಕರೆದರೆ ಹೇಳುತ್ತೇನೆ. ನಮಸ್ಕಾರ.