ಬೆರಳಿನ ಕ್ಲಿಪ್ಪಿಗೂ ಮೈಬಣ್ಣಕ್ಕೂ ಏನು ಸಂಬಂಧ?

ಕೇಳುಗರೇ, ನಮಸ್ಕಾರ. ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್, ಅಂದರೆ ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಎಂದು ತೋರಿಸುವ ಬೆರಳಿನ ಕ್ಲಿಪ್ಪು, ಎಷ್ಟೋ ಮನೆಗಳ ಬೀರುವಿನಲ್ಲಿ ಈಗಲೂ ಇದೆ. ಅಜ್ಜನಿಗೆ ಏದುಸಿರು ಬಂತು ಅಂದರೆ ಬೆರಳಿಗೆ ಸಿಕ್ಕಿಸುತ್ತೀರಿ. 95 ಅಂತ ತೋರಿಸಿದರೆ ಸಮಾಧಾನ. ಇವತ್ತು ನಾನು ಹೇಳುವುದು ಒಂದೇ ಮಾತು: ಆ ಒಂದು ಅಂಕಿ ನೋಡಿ ಸುಮ್ಮನೆ ಕೂರಬೇಡಿ. ಮೈಬಣ್ಣ ಕಪ್ಪಾದಷ್ಟೂ ಅದು ಇಲ್ಲದ ಆಮ್ಲಜನಕವನ್ನು ಇದೆ ಎಂದು ತೋರಿಸುವ ಸಾಧ್ಯತೆ ಹೆಚ್ಚು.

ಕ್ಲಿಪ್ಪಿನ ಒಂದು ಬದಿಗೆ ಎರಡು ಪುಟ್ಟ ದೀಪಗಳಿವೆ. ಒಂದರದು 660 ನ್ಯಾನೋಮೀಟರ್ ಕೆಂಪು ಬೆಳಕು, ಇನ್ನೊಂದರದು 940ರ, ಕಣ್ಣಿಗೆ ಕಾಣದ ಅವಕೆಂಪು. ಬೆರಳು ದಾಟಿ ಬಂದ ಬೆಳಕನ್ನು ಎದುರು ಬದಿ ಅಳೆಯುತ್ತದೆ. ಆಮ್ಲಜನಕ ಕಳೆದುಕೊಂಡ ರಕ್ತ ಕೆಂಪು ಬೆಳಕನ್ನು ಹೆಚ್ಚು ನುಂಗುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ನುಂಗುತ್ತದೆ. ಬಹುಪಾಲು ಬಿಳಿಯರ ಬೆರಳಿನ ಮೇಲೆ ಹೊಂದಿಸಿದ ಲೆಕ್ಕ ಇಲ್ಲಿ ದಾರಿ ತಪ್ಪುತ್ತದೆ.

ಇದು ಬೆಳಕಿಗೆ ಬಂದ ಬಗೆ ಕೇಳಿ. 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞೆಯೊಬ್ಬರ ಗಂಡನಿಗೆ ಕೋವಿಡ್ ಬಂತು. ಆಕೆ ಮನೆಗೊಂದು ಆಕ್ಸಿಮೀಟರ್ ತಂದರು. ಇದು ಹೇಗೆ ಕೆಲಸ ಮಾಡುತ್ತದೆ ಎಂದು ಹುಡುಕುತ್ತಾ ಹೋದವರಿಗೆ ಹಳೆಯ ವೈದ್ಯಕೀಯ ಪ್ರಬಂಧಗಳು ಸಿಕ್ಕವು. ಕಪ್ಪುಜನರಲ್ಲಿ ಕ್ಲಿಪ್ಪಿನ ಅಂಕಿ ತಪ್ಪುತ್ತದೆ ಎಂದು 1990ರಲ್ಲೇ ಬರೆದಿತ್ತು! ಬಿಳಿಯರಿಗೆ 92 ಸಾಕಾದರೆ ಕಪ್ಪುಜನರಿಗೆ 95 ಇರಬೇಕು ಎಂದು. ಮೂವತ್ತು ವರ್ಷ ಅದನ್ನು ತಲೆಗೆ ಹಾಕಿಕೊಂಡವರು ತೀರ ಕಡಿಮೆ. ಆಕೆ ಲೇಖನ ಬರೆದರು. ಅದನ್ನು ಓದಿದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ತಮ್ಮದೇ ಆಸ್ಪತ್ರೆಯ ದಾಖಲೆ ತೆಗೆದು ಕ್ಲಿಪ್ಪಿನ ಅಂಕಿಯನ್ನೂ ಅಪಧಮನಿಯ ರಕ್ತಪರೀಕ್ಷೆಯನ್ನೂ ಅಕ್ಕಪಕ್ಕ ಇಟ್ಟರು. ಕ್ಲಿಪ್ಪು 92ರಿಂದ 96 ಎನ್ನುತ್ತಿದ್ದಾಗ ನಿಜದಲ್ಲಿ 88ಕ್ಕಿಂತ ಕೆಳಗಿದ್ದ ಸಂದರ್ಭಗಳು ಬಿಳಿಯರಲ್ಲಿ ಶೇ. 3.6, ಕಪ್ಪುಜನರಲ್ಲಿ ಶೇ. 11.7. ಕೋವಿಡ್ ಔಷಧಿ, ಆಮ್ಲಜನಕ ಎಲ್ಲವೂ 94ರ ಗೆರೆಯ ಮೇಲೆ ನಿಂತಿದ್ದ ದಿನಗಳವು. 95 ಎಂದು ತೋರಿಸಿದ ಕಪ್ಪು ರೋಗಿಗೆ ಚಿಕಿತ್ಸೆ ತಡವಾಗುತ್ತಿತ್ತು.

ಮಾರುಕಟ್ಟೆಗೆ ಬಿಡುವ ಮುನ್ನ ಎಷ್ಟು ಜನರ ಮೇಲೆ ಪರೀಕ್ಷೆ ಆಗಬೇಕಿತ್ತು ಗೊತ್ತೇ? ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಕನಿಷ್ಠ ಹತ್ತು ಮಂದಿ. ಅವರಲ್ಲಿ ಕಪ್ಪು ಮೈಬಣ್ಣದವರು ಇಬ್ಬರಿದ್ದರೆ ಸಾಕು. ನಮ್ಮ ಕಲಬುರಗಿಯಲ್ಲಿ, ಚಾಮರಾಜನಗರದಲ್ಲಿ ಬಿಸಿಲಲ್ಲಿ ದುಡಿಯುವ ಕೈಗಳಿಗೂ ಇದೇ ಬೆಳಕು, ಇದೇ ಮೆಲನಿನ್. ಅದಕ್ಕೇ ಮತ್ತೆ ಹೇಳುತ್ತೇನೆ, ಒಂದು ಅಂಕಿ ನೋಡಿ ಕೂರಬೇಡಿ.

ಸಮಯ ಕಡಿಮೆ ಇದೆ, ಬೇಗ ಹೇಳಿಬಿಡುತ್ತೇನೆ. ಆರೋಗ್ಯವಾಗಿದ್ದಾಗಲೇ ಅಳೆದು ಬರೆದಿಡಿ. ಐದು ನಿಮಿಷ ಕೂತು ವಿಶ್ರಮಿಸಿ, ತಣ್ಣಗಿದ್ದರೆ ಕೈ ಉಜ್ಜಿ ಬಿಸಿ ಮಾಡಿ, ನೇಲ್ ಪಾಲಿಷ್ ತೆಗೆಯಿರಿ. ಕೈ ಎದೆಯ ಮಟ್ಟದಲ್ಲಿ ಅಲ್ಲಾಡದಿರಲಿ. ಅಂಕಿ ನಿಲ್ಲುವವರೆಗೆ ಒಂದು ನಿಮಿಷ ಕಾಯಿರಿ. ಸದಾ 98 ಇದ್ದವರಿಗೆ 94 ಬಂದರೆ ಅದು ದೊಡ್ಡ ಇಳಿತ. ತುಟಿಯ ಒಳಭಾಗ, ನಾಲಿಗೆ, ಒಸಡು ನೋಡಿ. ಗಾಢ ಬಣ್ಣದವರಲ್ಲಿ ನೀಲಿ ಕಾಣುವುದು ಅಲ್ಲೇ. ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ದೊಡ್ಡವರಲ್ಲಿ ಅದು 24 ದಾಟಿದ್ದರೆ, ಕ್ಲಿಪ್ಪು 97 ತೋರಿಸಿದರೂ ಆಸ್ಪತ್ರೆಗೆ ಹೊರಡಿ. ಎಬಿಜಿ, ಅಂದರೆ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಮಾಡುವ ಪರೀಕ್ಷೆ, ಬೇಕೇ ಎಂದು ಅಲ್ಲಿ ಸಂಕೋಚವಿಲ್ಲದೆ ಕೇಳಿ. ನಮಸ್ಕಾರ.