ಕೊಜುಮೆಲ್‌ನಲ್ಲಿ ಕೆಲವೇ ಗಂಟೆ: ಹಡಗಿನಿಂದ ಇಳಿದು ಹವಳದ ದಿಬ್ಬ ನೋಡಿಬರುವುದು

ಎಲ್ಲರಿಗೂ ನಮಸ್ಕಾರ. ಭಾನುವಾರದ ಊಟ ಮುಗಿಸಿ ಇಷ್ಟು ಜನ ಬಂದು ಕೂತಿದ್ದೀರಿ, ತುಂಬಾ ಖುಷಿಯಾಯಿತು. ನಮ್ಮ ಹೂಸ್ಟನ್ ಕಡೆಯ ಕನ್ನಡದ ಮನೆಗಳಲ್ಲಿ ಡಿಸೆಂಬರ್ ರಜೆ ಬಂತೆಂದರೆ ಗ್ಯಾಲ್ವೆಸ್ಟನ್‌ನಿಂದ ಕ್ರೂಸ್ ಹೋಗುವ ಮಾತು ಶುರುವಾಗುತ್ತದೆ. ಅಲ್ಲಿಂದ ಹೊರಡುವ ಬಹಳಷ್ಟು ಹಡಗುಗಳು ಮೆಕ್ಸಿಕೋದ ಕೊಜುಮೆಲ್ ದ್ವೀಪದಲ್ಲಿ ಒಂದು ದಿನ ನಿಲ್ಲುತ್ತವೆ. ಒಂದು ದಿನ ಅಂದರೆ ಬೆಳಗ್ಗೆ ಬಂದು ಸಂಜೆಯೊಳಗೆ ಹೊರಟುಬಿಡುತ್ತವೆ. ಅಷ್ಟರಲ್ಲಿ ಸ್ನಾರ್ಕೆಲಿಂಗ್, ಅಂದರೆ ಮಾಸ್ಕ್ ಹಾಕಿ ಕೊಳವೆಯಲ್ಲಿ ಉಸಿರಾಡುತ್ತಾ ನೀರಿನ ಮೇಲೆ ತೇಲಿ ಕೆಳಗಿನದನ್ನು ನೋಡುವುದು, ಮಾಡಿ ಬರಬಹುದಾ ಅಂತ ಸುಮಾರು ಜನ ಕೇಳುತ್ತಾರೆ. ಧಾರಾಳವಾಗಿ ಬರಬಹುದು. ಆದರೆ ಆ ದಿನದ ಯೋಜನೆಯನ್ನು ಮನೆಯಲ್ಲೇ ಕೂತು ಮಾಡಿಕೊಂಡು ಹೋಗಬೇಕು. ಅಲ್ಲಿ ಇಳಿದ ಮೇಲೆ ಯೋಚಿಸೋಣ ಅಂದರೆ ಅರ್ಧ ದಿನ ಜೆಟ್ಟಿಯ ಅಂಗಡಿಗಳ ಮಧ್ಯೆಯೇ ಕಳೆದುಹೋಗುತ್ತದೆ.

ಕೊಜುಮೆಲ್ ಸುಮಾರು 48 ಕಿಲೋಮೀಟರ್ ಉದ್ದ, 16 ಕಿಲೋಮೀಟರ್ ಅಗಲದ ದ್ವೀಪ. ಇದರ ಪೂರ್ವ ದಡಕ್ಕೆ ತೆರೆದ ಕೆರಿಬಿಯನ್ ಸಮುದ್ರ ಬಂದು ಅಪ್ಪಳಿಸುತ್ತದೆ, ಅಲ್ಲಿ ನೀರಿಗಿಳಿಯುವ ಮಾತೇ ಬೇಡ. ಪಶ್ಚಿಮದ ಕಡೆ ದ್ವೀಪವೇ ಗಾಳಿಗೆ ಅಡ್ಡ ನಿಂತಿರುವುದರಿಂದ ನೀರು ಶಾಂತ. ಹವಳದ ದಿಬ್ಬಗಳಿರುವುದೂ ಆ ಕಡೆ, ಹಡಗು ಕಟ್ಟುವುದೂ ಆ ಕಡೆಯೇ. ಗ್ರ್ಯಾಂಡ್ ಕೇಮನ್‌ನಲ್ಲಿ ಮಾಡುವಂತೆ ಚಿಕ್ಕ ದೋಣಿಗೆ ಕಾದು ದಡ ಸೇರಬೇಕಿಲ್ಲ, ಹಡಗು ನೇರ ಜೆಟ್ಟಿಗೇ ಬಂದು ನಿಲ್ಲುತ್ತದೆ. ಕಡಿಮೆ ಹೊತ್ತಿದ್ದವರಿಗೆ ಇದಕ್ಕಿಂತ ಅನುಕೂಲದ ಜಾಗ ಸಿಗುವುದು ಕಷ್ಟ.

ಮೊದಲು ಗಡಿಯಾರದ ವಿಷಯ ಹೇಳಿಬಿಡುತ್ತೇನೆ. ಇದನ್ನು ಬಿಡಿಸಿ ಹೇಳಲೇಬೇಕು. ಕೊಜುಮೆಲ್ ಇರುವ ಕಿಂಟಾನಾ ರೂ ರಾಜ್ಯದಲ್ಲಿ 2015ರಿಂದ ವರ್ಷಪೂರ್ತಿ ಒಂದೇ ಸಮಯ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಚಳಿಗಾಲಕ್ಕೆ ಇರುತ್ತದಲ್ಲ, ಅದೇ ಸಮಯ. ಬೇಸಿಗೆಗೆ ಗಡಿಯಾರ ಮುಂದೆ ಮಾಡುವ ಪದ್ಧತಿ ಅಲ್ಲಿಲ್ಲ. ಈಗ ಡಿಸೆಂಬರ್‌ನಲ್ಲಿ ಗ್ಯಾಲ್ವೆಸ್ಟನ್‌ನಿಂದ ಹೊರಟ ಹಡಗು ಟೆಕ್ಸಾಸ್ ಸಮಯವನ್ನೇ ಇಟ್ಟುಕೊಂಡಿದೆ ಅಂದುಕೊಳ್ಳಿ. ಕೊಜುಮೆಲ್ ನಮಗಿಂತ ಒಂದು ಗಂಟೆ ಮುಂದೆ. ಬೋಟಿನವರು 9ಕ್ಕೆ ಬನ್ನಿ ಅಂದರೆ ಹಡಗಿನಲ್ಲಿ ಆಗಿನ್ನೂ 8. ನೀವು ಕಾಫಿ ಕುಡಿಯುತ್ತಿರುತ್ತೀರಿ, ಅಲ್ಲಿ ಬೋಟು ಹೊರಟಿರುತ್ತದೆ. ಫ್ಲೋರಿಡಾದಿಂದ ಬೇಸಿಗೆಯಲ್ಲಿ ಹೋಗುವವರಿಗೆ ಇದಕ್ಕಿಂತ ದೊಡ್ಡ ಅಪಾಯ. ಹಡಗು ಫ್ಲೋರಿಡಾ ಸಮಯದಲ್ಲೇ ಇದ್ದರೆ, ಹಡಗಿನಲ್ಲಿ 3:30 ಆದಾಗ, ಸ್ಥಳೀಯ ಸಮಯಕ್ಕೆ ಬದಲಾದ ನಿಮ್ಮ ಫೋನು 2:30 ಅಂತ ತೋರಿಸುತ್ತದೆ. ಇನ್ನೂ ಒಂದು ಗಂಟೆ ಇದೆ ಅಂತ ನೀವು ನಿಧಾನವಾಗಿ ತೆಂಗಿನ ಮರದ ಕೆಳಗೆ ಕೂತಿದ್ದರೆ ಹಡಗು ಹೋಗಿಬಿಡಬಹುದು. ಕೆಲವು ಹಡಗುಗಳು ಸ್ಥಳೀಯ ಸಮಯಕ್ಕೇ ಗಡಿಯಾರ ಬದಲಿಸುತ್ತವೆ. ಅದಕ್ಕೇ ಹಿಂದಿನ ರಾತ್ರಿಯೇ ಕೇಳಿಕೊಳ್ಳಿ. ಮನೆಯಲ್ಲಿ ಒಂದು ಹಳೇ ಕೈಗಡಿಯಾರ ಬಿದ್ದಿದ್ದರೆ ಅದಕ್ಕೆ ಹಡಗಿನ ಸಮಯ ಇಟ್ಟು ಕಟ್ಟಿಕೊಳ್ಳಿ. ಫೋನನ್ನು ನಂಬಬೇಡಿ.

ಇನ್ನು ಲೆಕ್ಕವನ್ನು ಹಿಂದಿನಿಂದ ಹಾಕಿ. ಹಡಗು ಬೆಳಗ್ಗೆ 8ಕ್ಕೆ ಬಂದು ಸಂಜೆ 4ಕ್ಕೆ ಹೊರಡುತ್ತದೆ ಅನ್ನಿ. ಎಲ್ಲರೂ ಹತ್ತಿರಬೇಕಾದ ಹೊತ್ತು 3:30. ನನ್ನ ಕೇಳಿದರೆ 2 ಗಂಟೆಗೆ ನೀವು ಜೆಟ್ಟಿಯ ಬಾಗಿಲಲ್ಲಿರಬೇಕು. ಬೆಳಗ್ಗೆ ಹಡಗಿನಿಂದ ಇಳಿದು, ಉದ್ದದ ಜೆಟ್ಟಿ ನಡೆದು ಹೊರಗೆ ಬರುವಾಗ 9 ಆಗಿರುತ್ತದೆ. ಉಳಿದದ್ದು ಐದು ಗಂಟೆ. ಹೋಗಿಬರುವುದು, ಬಟ್ಟೆ ಬದಲಿಸುವುದು, ಹೊಟ್ಟೆಗೆ ಏನಾದರೂ ಹಾಕಿಕೊಳ್ಳುವುದು ಎಲ್ಲ ಕಳೆದರೆ ನೀರಿನಲ್ಲಿ ಸಿಗುವುದು ಒಂದೂವರೆ ಗಂಟೆ. ಇದು ಕಡಿಮೆ ಅಂತ ಬೇಸರ ಬೇಡ. ಅಭ್ಯಾಸ ಇಲ್ಲದವರು ಅದಕ್ಕಿಂತ ಜಾಸ್ತಿ ಹೊತ್ತು ಮುಖ ಕೆಳಗೆ ಮಾಡಿ ತೇಲಿದರೆ ಸುಸ್ತಾಗಿಬಿಡುತ್ತಾರೆ. ಆ ಒಂದೂವರೆ ಗಂಟೆಯನ್ನು ಒಂದೇ ಜಾಗದಲ್ಲಿ ಕಳೆಯಿರಿ. ಬೀಚು, ಶಾಪಿಂಗು, ಊರು ಸುತ್ತುವುದು ಎಲ್ಲವನ್ನೂ ಅದೇ ದಿನಕ್ಕೆ ತುರುಕಬೇಡಿ.

ಯಾವ ಜಾಗ? ನಿಮ್ಮ ಗುಂಪಿನಲ್ಲಿ ಈಜಲು ಎಲ್ಲರಿಗಿಂತ ಕಡಿಮೆ ಬರುವವರು ಯಾರೋ, ಅವರನ್ನು ನೋಡಿ ತೀರ್ಮಾನಿಸಿ. ಅಮ್ಮನೋ ಅತ್ತೆಯೋ ಊರಿನಿಂದ ಬಂದಿರುತ್ತಾರೆ, ಮಕ್ಕಳು ಇರುತ್ತಾರೆ. ಅಂಥವರಿಗೆ ಚಾಂಕನಾಬ್ ಪಾರ್ಕ್ ಸರಿ. ದಕ್ಷಿಣದ ಜೆಟ್ಟಿಗಳಿಂದ ಟ್ಯಾಕ್ಸಿಯಲ್ಲಿ ಹತ್ತು ನಿಮಿಷದ ದಾರಿ. ಟ್ಯಾಕ್ಸಿಗಳಿಗೆ ಮೀಟರ್ ಇಲ್ಲ, ಹತ್ತುವ ಮೊದಲೇ ದರ ಕೇಳಿಬಿಡಿ. ಪಾರ್ಕ್‌ನಲ್ಲಿ ಲಾಕರ್ ಇದೆ, ಶೌಚಾಲಯ ಇದೆ, ಕೂರಲು ನೆರಳಿದೆ, ದಡದಿಂದಲೇ ಮೆಟ್ಟಿಲಿಳಿದು ನೀರಿಗೆ ಹೋಗಬಹುದು. ನೀರು ಬೇಡ ಅನ್ನುವವರು ದಡದಲ್ಲಿ ಆರಾಮವಾಗಿ ಇರಬಹುದು.

ಈಜು ಬರುವವರೇ ಇದ್ದರೆ ಬೋಟಿನಲ್ಲಿ ದಕ್ಷಿಣಕ್ಕೆ ಹೋಗಿ. ಕೊಲಂಬಿಯಾ, ಪಲಂಕಾರ್ ಅನ್ನುವ ದಿಬ್ಬಗಳ ಹೆಸರು ಕೇಳಿರುತ್ತೀರಿ. ಹೋಗಲು ಬರಲು ಸೇರಿ ಒಂದೂವರೆ ಗಂಟೆ ಬೋಟಿಗೇ ಹಿಡಿಯುತ್ತದೆ, ಅದು ಲೆಕ್ಕದಲ್ಲಿರಲಿ. ಈ ದಡದಲ್ಲಿ ನೀರಿನ ಸೆಳೆತ ಸಾಮಾನ್ಯವಾಗಿ ದಕ್ಷಿಣದಿಂದ ಉತ್ತರಕ್ಕೆ. ಬೋಟಿನವರು ನಿಮ್ಮನ್ನು ಒಂದು ಕಡೆ ಇಳಿಸುತ್ತಾರೆ, ಸೆಳೆತ ನಿಮ್ಮನ್ನು ದಿಬ್ಬದ ಮೇಲೆ ತೇಲಿಸಿಕೊಂಡು ಹೋಗುತ್ತದೆ, ಬೋಟು ಹಿಂದೆಯೇ ಬಂದು ಎತ್ತಿಕೊಳ್ಳುತ್ತದೆ. ಇದು ಬಹಳ ಸುಖ. ದಡದಿಂದ ಇಳಿಯುವವರಿಗೆ ಹಿಂದೆ ಬೋಟಿಲ್ಲ. ಅವರು ಮೈಯಲ್ಲಿ ಶಕ್ತಿ ಇರುವಾಗಲೇ ಸೆಳೆತಕ್ಕೆ ಎದುರಾಗಿ ಹೋಗಿ, ವಾಪಸ್ ಬರುವಾಗ ಅದರ ಜೊತೆ ತೇಲಿಕೊಂಡು ಬರಬೇಕು.

ಹಡಗಿನವರ ಮೂಲಕವೇ ಬುಕ್ ಮಾಡಬೇಕಾ ಅಂತ ಕೇಳುತ್ತಾರೆ. ಹಡಗಿನವರ ಪ್ರವಾಸ ತಡವಾದರೆ ಹಡಗು ಕಾಯುತ್ತದೆ, ಬೇರೆಯವರದ್ದಕ್ಕೆ ಕಾಯುವುದಿಲ್ಲ. ದಡದ ಹತ್ತಿರವೇ ಇರುವವರು ತಾವೇ ನೋಡಿಕೊಳ್ಳಬಹುದು. ದೂರ ಬೋಟಿನಲ್ಲಿ ಹೋಗುವವರು, ಅದೂ ಮೊದಲ ಸಲ, ಹಡಗಿನವರ ಮೂಲಕ ಹೋಗುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಪಾಸ್‌ಪೋರ್ಟ್‌ನ ನಕಲು ಮತ್ತು ಆ ಬಂದರಿನಲ್ಲಿ ಹಡಗಿನ ಪರವಾಗಿ ಇರುವ ಏಜೆಂಟರ ಫೋನ್ ನಂಬರು ಜೊತೆಗಿರಲಿ. ಕತ್ತಿನ ಸರ, ಉಂಗುರ ಎಲ್ಲ ಹಡಗಿನ ಲಾಕರ್‌ನಲ್ಲೇ ಬಿಟ್ಟು ಬನ್ನಿ.

ಮಾಸ್ಕ್ ಬಗ್ಗೆ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತೇನೆ. ದಿನ ಹಾಳಾಗುವುದು ಹೆಚ್ಚಾಗಿ ಇದರಿಂದಲೇ. ಅಳತೆ ನೋಡುವಾಗ ಪಟ್ಟಿಯನ್ನು ತಲೆಗೆ ಹಾಕಬೇಡಿ. ಮಾಸ್ಕನ್ನು ಸುಮ್ನೆ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು, ಕೈ ಬಿಡಿ. ಕೆಳಗೆ ಬೀಳದೆ ಕಚ್ಚಿಕೊಂಡು ನಿಂತರೆ ಅದು ನಿಮ್ಮ ಮುಖದ್ದು. ಬಿದ್ದರೆ ಬೇರೆಯದು ನೋಡಿ. ಪಟ್ಟಿ ಎಷ್ಟು ಬಿಗಿ ಮಾಡಿದರೂ ಸರಿಹೋಗುವುದಿಲ್ಲ. ದಪ್ಪ ಮೀಸೆ ಇದ್ದವರಿಗೆ ಮೂಗಿನ ಕೆಳಗಿನಿಂದ ನೀರು ಬಂದೇ ಬರುತ್ತದೆ. ಹೆಣ್ಣುಮಕ್ಕಳು ಹಣೆಯ ಮೇಲಿನ ಕೂದಲನ್ನು ಪೂರ್ತಿ ಹಿಂದಕ್ಕೆ ಬಾಚಿಕೊಳ್ಳಿ, ಒಂದೆಳೆ ಸಿಕ್ಕಿಕೊಂಡರೂ ಅಲ್ಲಿಂದ ನೀರು ಒಳಗೆ. ಕನ್ನಡಕ ಹಾಕುವವರು ಪವರ್ ಇರುವ ಮಾಸ್ಕನ್ನೇ ಇಲ್ಲಿಂದ ಒಯ್ಯಿರಿ. ಗಾಜಿನ ಒಳಗಡೆ ಒಂದು ಹನಿ ಬೇಬಿ ಶಾಂಪೂ ಸವರಿ ತೊಳೆದರೆ ಮಂಜು ಕಟ್ಟುವುದಿಲ್ಲ. ಹೊರಡುವ ಮೊದಲು ಇಲ್ಲಿಯ ಈಜುಕೊಳದಲ್ಲಿ ಇದನ್ನೆಲ್ಲ ಹಾಕಿಕೊಂಡು, ಕೊಳವೆಯಲ್ಲಿ ಉಸಿರಾಡಿ ಅಭ್ಯಾಸ ಮಾಡಿ.

ಬಿಪಿ, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇಳಿಯಬೇಡಿ. ಕೊಳವೆಯಲ್ಲಿ ಉಸಿರೆಳೆಯುವುದೇ ಶ್ರಮದ ಕೆಲಸ. ಅದರ ಮೇಲೆ ಸೆಳೆತದ ಎದುರು ಜೋರಾಗಿ ಈಜಿದರೆ ಶ್ವಾಸಕೋಶದಲ್ಲಿ ನೀರಿನಂಶ ತುಂಬಿಕೊಳ್ಳಬಹುದು ಎಂದು ಹವಾಯಿಯಲ್ಲಿ ಅಧ್ಯಯನ ಮಾಡಿದವರು ಎಚ್ಚರಿಸಿದ್ದಾರೆ. ಇದ್ದಕ್ಕಿದ್ದಂತೆ ಏದುಸಿರು ಬಂತು, ಕೈಕಾಲು ಸೋತವು ಅನ್ನಿಸಿದರೆ ತಕ್ಷಣ ಮಾಸ್ಕ್ ತೆಗೆಯಿರಿ, ಅಂಗಾತ ತೇಲಿ, ಕೈ ಎತ್ತಿ ಕರೆಯಿರಿ, ನೀರಿನಿಂದ ಹೊರಗೆ ಬನ್ನಿ. ಲೈಫ್ ಜಾಕೆಟ್ ಹಾಕಿಕೊಳ್ಳಲು ಯಾವ ನಾಚಿಕೆಯೂ ಬೇಡ. ಪಕ್ಕದಲ್ಲಿ ಸದಾ ಒಬ್ಬರಿರಲಿ.

ಈಗ ನೀರಿನೊಳಗಿನ ಮಾತು. ಬೆಳಗಿನ ಬಿಸಿಲಿನಲ್ಲಿ ಮುಖ ಮುಳುಗಿಸಿದ ಕೂಡಲೇ ಹಳದಿ ಮೈ, ಕಪ್ಪು ಪಟ್ಟೆಯ ಚಿಕ್ಕ ಮೀನುಗಳು ಸುತ್ತಿಕೊಳ್ಳುತ್ತವೆ. ಅಲುಗಾಡದೆ ತೇಲುತ್ತಾ ಕಿವಿಗೊಡಿ. ಹುರಿಗಡಲೆ ಕಡಿದ ಹಾಗೆ ಕಟಕಟ ಸದ್ದು ಕೇಳಿಸುತ್ತದೆ. ಅದು ಗಿಳಿಮೀನು. ಗಿಳಿಯ ಕೊಕ್ಕಿನಂಥ ಹಲ್ಲಿನಿಂದ ಬಂಡೆಯ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತಿರುತ್ತದೆ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದರೆ ಬಾಲದ ಹತ್ತಿರದಿಂದ ಬಿಳಿ ಪುಡಿ ಉದುರುವುದು ಕಾಣುತ್ತದೆ. ನುಂಗಿದ ಹವಳದ ಚೂರು ಮರಳಾಗಿ ಹೊರಗೆ ಬರುತ್ತಿದೆ. ಆ ಬೀಚುಗಳ ಬಿಳಿ ಮರಳಿನಲ್ಲಿ ಇದರ ಪಾಲೂ ಇದೆ. ಪಾಚಿ ತಿನ್ನುವ ಈ ಮೀನು ಇಲ್ಲದಿದ್ದರೆ ಹವಳಕ್ಕೆ ಬೆಳೆಯಲು ಜಾಗವೇ ಸಿಗುವುದಿಲ್ಲ.

ಹವಳ ಕಲ್ಲಿನಂತೆ ಕಂಡರೂ ಜೀವ ಇರುವ ಪ್ರಾಣಿ. ಈ ದಿಬ್ಬಗಳನ್ನು 1996ರಲ್ಲೇ ರಾಷ್ಟ್ರೀಯ ಉದ್ಯಾನ ಮಾಡಿದ್ದಾರೆ. ಆದರೂ 2018ರಲ್ಲಿ ಅಲ್ಲಿಗೆ ಒಂದು ರೋಗ ಬಂತು. ಅದಕ್ಕೆ ನಾಲ್ಕು ವರ್ಷ ಮೊದಲು ಫ್ಲೋರಿಡಾದಲ್ಲಿ ಕಾಣಿಸಿಕೊಂಡಿದ್ದ ರೋಗ ಅದು. ಹವಳದ ಮೇಲೆ ಬಿಳಿ ಕಲೆ ಮೂಡುತ್ತದೆ, ಕೆಲವೇ ವಾರಗಳಲ್ಲಿ ಇಡೀ ಹವಳವೇ ಸತ್ತುಹೋಗುತ್ತದೆ. ನೂರಾರು ವರ್ಷ ಬೆಳೆದ ಮಿದುಳು ಹವಳಗಳು ಹಾಗೆ ಹೋಗಿವೆ. ನನಗೆ ಇದು ಬಹಳ ಸಂಕಟದ ವಿಷಯ. 2019ರ ಅಕ್ಟೋಬರ್‌ನಲ್ಲಿ ಪಲಂಕಾರ್, ಕೊಲಂಬಿಯಾ, ನಕ್ಷತ್ರಮೀನುಗಳ ಎಲ್ ಸಿಯೆಲೋ ಮೂರನ್ನೂ ಪ್ರವಾಸಿಗರಿಗೆ ಸ್ವಲ್ಪ ಕಾಲ ಮುಚ್ಚಿದರು. ಹಾಗಾಗಿ ಹವಳದ ಮೇಲೆ ಕಾಲಿಡಬೇಡಿ, ಕಾಲಿಗೆ ಹಾಕಿದ ಫಿನ್ ತಾಗಿಸಬೇಡಿ, ಫೋಟೋಕ್ಕೆಂದು ನಕ್ಷತ್ರಮೀನನ್ನು ನೀರಿನಿಂದ ಎತ್ತಬೇಡಿ. ಸನ್‌ಸ್ಕ್ರೀನ್ ಬದಲು ತುಂಬುತೋಳಿನ ಈಜು ಅಂಗಿ ಹಾಕಿ. ನಿಮ್ಮ ಬೆನ್ನಿಗೂ ಅದೇ ಒಳ್ಳೆಯದು.

ಕೊನೆಯದಾಗಿ ಗಾಳಿ. ಚಳಿಗಾಲದಲ್ಲಿ ಇಲ್ಲಿ ನಮ್ಮ ಟೆಕ್ಸಾಸ್‌ಗೆ ಬರುವ ಚಳಿಗಾಳಿ ಅಲ್ಲಿಗೂ ಇಳಿಯುತ್ತದೆ. ಅಲ್ಲಿಯವರು ಅದನ್ನು ನೋರ್ತೆ ಅನ್ನುತ್ತಾರೆ. ಅದು ಬೀಸಿದಾಗ ಬಂದರಿನ ಅಧಿಕಾರಿ ಚಿಕ್ಕ ಬೋಟುಗಳನ್ನು ನಿಲ್ಲಿಸಿಬಿಡುತ್ತಾರೆ. ಕೆಲವೊಮ್ಮೆ ಹಡಗೇ ನಿಲ್ಲದೆ ಮುಂದೆ ಹೋಗುತ್ತದೆ. ಹಾಗಾದರೆ ದುಡ್ಡು ವಾಪಸ್ ಬರುತ್ತದಾ ಅಂತ ಬುಕ್ ಮಾಡುವಾಗಲೇ ಕೇಳಿ. ದಡಕ್ಕೆ ಇಳಿದು, ಬೋಟು ಮಾತ್ರ ಇಲ್ಲ ಅಂತಾದರೆ ದ್ವೀಪದ ಒಳಗಿನ ಸಾನ್ ಹೆರ್ವಾಸಿಯೋಗೆ ಹೋಗಿಬನ್ನಿ. ಮಾಯಾ ಜನ ಇಶ್‌ಚೆಲ್ ದೇವಿಗೆ ನಡೆದುಕೊಳ್ಳುತ್ತಿದ್ದ ಊರು, ಗುಡಿಗಳು ಇನ್ನೂ ನಿಂತಿವೆ. ಅಂಥ ದಿನ ಹಟ ಹಿಡಿದು ದಡದಿಂದ ನೀರಿಗೆ ಇಳಿಯುವುದು ಬೇಡ.

ನನ್ನ ಮಾತು ಇಷ್ಟು. ಈ ಮೇಜಿನ ಮೇಲೆ ಬೇರೆ ಬೇರೆ ಅಳತೆಯ ಮಾಸ್ಕ್‌ಗಳಿವೆ, ಎಲ್ಲ ತೊಳೆದಿಟ್ಟಿದ್ದೇನೆ. ಬನ್ನಿ, ಮುಖಕ್ಕೆ ಒತ್ತಿ ನೋಡಿ. ಪ್ರಶ್ನೆಗಳನ್ನು ಅಲ್ಲೇ ನಿಂತು ಮಾತಾಡೋಣ.